ಹೊಸ ಮನೆ, ಹಸಿ ಪಾಯ: ನಿಮಗಿದು ಗೊತ್ತೇ?

◆ ಹೊಸದಾಗಿ ಕಟ್ಟಿದ ಮನೆಯೊಳಗೆ ಸಾವಿರಾರು ಲೀಟರ್ ನೀರು ಅಡಗಿ ಕೂತಿರುತ್ತದೆ. ಲೆಕ್ಕ ಹಾಕಿ ನೋಡಿ. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ ಕಡಿಮೆಯೆಂದರೂ 25 ಲೀಟರ್ ನೀರು ಹಾಕಿ ಕಲಸುತ್ತಾರೆ. ಅದರಲ್ಲಿ ಸಿಮೆಂಟಿನೊಂದಿಗೆ ಬೆರೆತು ಕಲ್ಲಾಗುವುದು ಹೆಚ್ಚುಕಡಿಮೆ 12 ಲೀಟರ್. ಮಿಕ್ಕ 13 ಲೀಟರಿನಲ್ಲಿ ಒಂದಿಷ್ಟು ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲೇ ಉಳಿಯುತ್ತದೆ, ಬಾಕಿಯದು ಆವಿಯಾಗಿ ಹೊರಗೆ ಹೋಗಬೇಕು. ಸಾವಿರ ಚದರಡಿಯ ಮನೆಗೆ 400 ಮೂಟೆ ಎಂದು ಹಿಡಿದರೂ ಈ ಮಿಕ್ಕ ನೀರೇ 5,000 ಲೀಟರ್ ದಾಟಿತು. ಇಟ್ಟಿಗೆ ನೆನೆಸಿದ ನೀರು, ಬೆಳಿಗ್ಗೆ ಸಂಜೆ ಪೈಪು ಹಿಡಿದು ಕ್ಯೂರಿಂಗ್ ಮಾಡಿದ ನೀರು ಇದರಲ್ಲಿ ಸೇರಿಲ್ಲ.

◆ ಕಾಂಕ್ರೀಟ್ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಗಟ್ಟಿಯಾಗಲು ಏಳು ದಿನವೋ ಹತ್ತು ದಿನವೋ ನೀರು ಕುಡಿಸಲೇಬೇಕು. ಒಣಗಲು ಮಾತ್ರ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ನೆಲಹಾಸು ಹಾಕುವವರು ಹಿಡಿದಿರುವ ಅಂದಾಜು. ನಾಲ್ಕು ಇಂಚಿನ ನೆಲಕ್ಕೆ ನಾಲ್ಕು ತಿಂಗಳು, ಅದೂ ಕೆಳಗಿನಿಂದ ಹೊಸ ನೀರು ಬರದಿದ್ದರೆ.

ಆದರೆ ನಮ್ಮಲ್ಲಿ ಮನೆ ಒಣಗುವುದನ್ನು ಯಾರು ಕಾಯುತ್ತಾರೆ? ಪುರೋಹಿತರು ಮುಹೂರ್ತ ಇಟ್ಟುಕೊಟ್ಟಿರುತ್ತಾರೆ, ಆಷಾಢ ಬಂದರೆ ಗೃಹಪ್ರವೇಶ ಇಲ್ಲ, ಪತ್ರಿಕೆ ಅಚ್ಚಾಗಿರುತ್ತದೆ. ಹಾಲು ಉಕ್ಕಿಸುವ ಹಿಂದಿನ ವಾರ ಪೇಂಟರು ಬಂದು ಹಸಿ ಗಾರೆಯ ಮೇಲೆ ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ಎರಡು ಕೋಟ್ ಪೇಂಟ್ ಬಳಿದು ಹೋಗುತ್ತಾರೆ. ಮುಂದಿನ ವರ್ಷದ ಹೊತ್ತಿಗೆ ದೇವರಮನೆಯ ಗೋಡೆಯಲ್ಲಿ ಅಂಗೈ ಅಗಲದ ಗುಳ್ಳೆ. ಉಗುರಿನಲ್ಲಿ ಕೆರೆದರೆ ಹಿಟ್ಟು. ಬೈಸಿಕೊಳ್ಳುವವನು ಪೇಂಟರು, ಅವನ ತಪ್ಪು ಅದರಲ್ಲಿ ಕಾಲುಪಾಲೂ ಇರುವುದಿಲ್ಲ.

◆ ಚಳಿ ದೇಶಗಳಲ್ಲಿ ಬೇಸ್‌ಮೆಂಟ್ ಎಂದರೆ ನೆಲದಡಿಯ ಕೋಣೆ. ಮೂಗೂರು, ಸಂತೇಮರಹಳ್ಳಿ, ತಿರುಮಕೂಡಲು ನರಸೀಪುರದ ಮೇಸ್ತ್ರಿಗಳ ಬಾಯಲ್ಲಿ ಅದು ಪಾಯದ ಮೇಲೆ ನೆಲದ ಮಟ್ಟದವರೆಗೆ ಬರುವ ಕಟ್ಟು, ಅಂದರೆ ಸೈಜುಗಲ್ಲಿನ ಗೋಡೆ ಮತ್ತು ಅದರೊಳಗೆ ತುಂಬಿ ದಮ್ಮಸ್ಸು ಹಾಕಿದ ಮಣ್ಣು. ಈ ಬರಹದಲ್ಲಿ ಬೇಸ್‌ಮೆಂಟ್ ಎಂದಾಗೆಲ್ಲ ಅದನ್ನೇ ತಿಳಿಯಿರಿ. ತಗ್ಗಿನ ಕೋಣೆ ಇರಲಿ, ಎತ್ತರದ ಕಟ್ಟು ಇರಲಿ, ರೋಗ ಎರಡಕ್ಕೂ ಒಂದೇ: ಮಣ್ಣಿಗೆ ತಾಗಿಕೊಂಡ ಗೋಡೆ ಮಣ್ಣಿನ ನೀರು ಕುಡಿಯುತ್ತದೆ.

◆ ಕುಡಿಯುವುದು ಎಷ್ಟು ಎತ್ತರಕ್ಕೆ? ಅದು ರಂಧ್ರದ ಗಾತ್ರವನ್ನು ನೋಡಿಕೊಂಡಿದೆ. ಒಂದು ಮಿಲಿಮೀಟರ್ ಅಗಲದ ಕೊಳವೆಯಲ್ಲಿ ನೀರು ತಾನಾಗಿ ಮೂರು ಸೆಂಟಿಮೀಟರ್ ಏರುತ್ತದೆ. ಅದರ ನೂರನೇ ಒಂದು ಪಾಲು ಅಗಲದ ಕೊಳವೆಯಲ್ಲಿ ಮೂರು ಮೀಟರ್! ರಂಧ್ರ ಸಣ್ಣದಾದಷ್ಟೂ ಏರಿಕೆ ಹೆಚ್ಚು. ಹಾಗಾಗಿ ನುಣುಪು ಜೇಡಿಮಣ್ಣಿನಲ್ಲಿ ನೀರು ಆಳುದ್ದ ಏರಬಲ್ಲದು, ದಪ್ಪ ಮರಳಿನಲ್ಲಿ ಗೇಣುದ್ದ ಏರುವುದೂ ಕಷ್ಟ. ಇಟ್ಟಿಗೆ ಗೋಡೆಯಲ್ಲಿ ಏರುತ್ತಾ ಏರುತ್ತಾ ಆವಿಯಾಗುವುದೂ ನಡೆದಿರುವುದರಿಂದ ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೊಂಟದ ಎತ್ತರಕ್ಕೆ ಗೆರೆ ಎಳೆದ ಹಾಗೆ ಕಾಣುವ ಕಲೆ ಇದೇ.

◆ ತಲಕಾಡಿನ ಮರಳನ್ನು ನೋಡಿದವರಿಗೆ ಇನ್ನೊಂದು ಮಾತು. ಮಳೆ ಬಿದ್ದು ಅರ್ಧ ಗಂಟೆಗೆ ಮರಳಿನ ಮೇಲ್ಮೈ ಒಣಗಿರುತ್ತದೆ, ಪಕ್ಕದ ಗದ್ದೆ ಬದು ಎರಡು ದಿನವಾದರೂ ಜಾರುತ್ತದೆ. ನೆಲದ ಕಾಂಕ್ರೀಟಿನ ಕೆಳಗೆ ನಾಲ್ಕೈದು ಇಂಚು ದಪ್ಪ ಜಲ್ಲಿಯೋ ದಪ್ಪ ಮರಳೋ ಹಾಸಿದರೆ ನೀರಿನ ಏಣಿ ಅಲ್ಲೇ ಮುರಿಯುತ್ತದೆ. ಅದರ ಮೇಲೆ 250–300 ಮೈಕ್ರಾನಿನ ಪಾಲಿಥಿನ್ ಶೀಟನ್ನು, ಒಂದರ ಅಂಚು ಇನ್ನೊಂದರ ಮೇಲೆ ಒಂದಡಿ ಬರುವಂತೆ ಹಾಸಿ ಕಾಂಕ್ರೀಟ್ ಸುರಿದರೆ ಆವಿಗೂ ದಾರಿ ಇಲ್ಲ. ಮನೆಯ ಒಟ್ಟು ಖರ್ಚಿನ ಮುಂದೆ ಈ ಶೀಟಿನ ಬೆಲೆ ಏನೂ ಅಲ್ಲ. ಆದರೂ ನಮ್ಮ ಕಡೆ ಹತ್ತರಲ್ಲಿ ಒಂದು ಮನೆಯಲ್ಲಿ ಹಾಕಿದರೆ ದೊಡ್ಡದು; ನೆಲದಡಿ ಹೋಗುವುದಕ್ಕೆ ದುಡ್ಡು ಬಿಚ್ಚುವ ಮನಸ್ಸು ಯಾರಿಗೂ ಇಲ್ಲ, ಬಾಗಿಲಿನ ಕೆತ್ತನೆಗೆ ಮಾತ್ರ ಧಾರಾಳ.

◆ ನೆಲದಡಿ ನೀರು ಸೋಕದಂತೆ ಇಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಗೇವು ನೆನಪಿದೆಯೇ? ಹಳೇ ಮೈಸೂರು ಸೀಮೆಯಲ್ಲಿ ರಾಗಿ ತುಂಬಿಡುತ್ತಿದ್ದ ನೆಲಗುಂಡಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಹೊಟ್ಟೆ ಅಗಲ. ಅದನ್ನು ತೋಡುವವರು ಮೊದಲು ಜಾಗ ನೋಡುತ್ತಿದ್ದರು: ದಿಬ್ಬ ಆಗಬೇಕು, ಗಟ್ಟಿ ಕೆಚ್ಚಲು ನೆಲ ಆಗಬೇಕು, ಮಳೆಗಾಲದಲ್ಲೂ ಆ ಆಳದಲ್ಲಿ ನೀರು ಒಸರಬಾರದು. ಒಳಗೋಡೆಗೆ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ ಬಿಗಿ ಮಾಡಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹುಲ್ಲು ಇಲ್ಲಿ ಮಾಡುತ್ತಿದ್ದುದು ಎರಡು ಕೆಲಸ. ಕಾಳು ನೇರವಾಗಿ ತಂಪು ಮಣ್ಣಿಗೆ ತಾಗದ ಹಾಗೆ ತಡೆಯುವುದು, ಹುಲ್ಲಿನ ನಡುವೆ ನಿಂತ ಗಾಳಿಯಿಂದ ಒಳಗಿನ ಬಿಸಿ ತಂಪು ಏರುಪೇರಾಗದಂತೆ ಕಾಯುವುದು. ಇಂದು ಇನ್ಸುಲೇಷನ್ ಎಂದು ಕರೆದು ರೋಲುಗಟ್ಟಲೆ ಮಾರುವುದೂ ಇದನ್ನೇ.

ಹಗೇವಿನ ಬಾಯಿ ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸಿರುತ್ತದೆ. ಹುಳು ಸಾಯುವುದೂ ಅದರಿಂದಲೇ, ಅವಸರದಲ್ಲಿ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಇಳಿಯುವುದು. ಹೊಸ ಮನೆಗಳ ಮುಚ್ಚಿದ ಸಂಪಿಗೆ ಇಳಿಯುವವರಿಗೂ ಈ ಎಚ್ಚರ ಬೇಕು.

◆ ಹಗೇವು ಹೋದದ್ದಕ್ಕೆ ಪ್ಲಾಸ್ಟಿಕ್ ಚೀಲ, ರೇಷನ್ ಅಕ್ಕಿ ಮಾತ್ರ ಕಾರಣವಲ್ಲ, ನಾಲೆಯೂ ಕಾರಣ. ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ, 19.52 ಟಿಎಂಸಿ ನೀರು ನಿಲ್ಲುವ ಜಲಾಶಯ. ಅದರ ಬಲದಂಡೆ ನಾಲೆ ನಂಜನಗೂಡು, ನರಸೀಪುರದ ಕಡೆಯಿಂದ ಚಾಮರಾಜನಗರ ಸೀಮೆಯವರೆಗೆ ನೀರು ಕೊಂಡೊಯ್ಯುತ್ತದೆ. ರಾಗಿ ಹೊಲ ಭತ್ತದ ಗದ್ದೆಯಾದ ಕಡೆಯಲ್ಲೆಲ್ಲ ಅಂತರ್ಜಲ ಮೇಲೆ ಬಂತು. ಅಪ್ಪನ ಕಾಲದಲ್ಲಿ ಒಣಗಿದ್ದ ಜಾಗದಲ್ಲಿ ಮಗ ಪಾಯ ತೆಗೆದರೆ ನಾಲ್ಕಡಿಗೆ ನೀರು ಒಸರುತ್ತದೆ. ಅಪ್ಪನ ಮನೆಗೆ ಏನೂ ಆಗಲಿಲ್ಲವಲ್ಲ ಎನ್ನುವ ವಾದ ಅಚ್ಚುಕಟ್ಟು ಪ್ರದೇಶದಲ್ಲಿ ನಡೆಯುವುದಿಲ್ಲ. ಪಾಯದ ಲೆಕ್ಕವನ್ನು ನಾಲೆಯಲ್ಲಿ ನೀರು ಹರಿಯುವ ತಿಂಗಳಲ್ಲಿ ನೋಡಬೇಕು, ಬೇಸಿಗೆಯಲ್ಲಿ ನೋಡಿದರೆ ಮೋಸ.

◆ ನಂಜನಗೂಡು ರಸಬಾಳೆಯ ರುಚಿಗೆ ದೇವರಸನಹಳ್ಳಿ ಸುತ್ತಿನ ಕಪ್ಪು ಜೇಡಿಮಣ್ಣು ಕಾರಣ ಎನ್ನುತ್ತಾರೆ. ಬಾಳೆಗೆ ಒಳ್ಳೆಯದಾದ ಮಣ್ಣು ಮನೆಗೆ ಒಳ್ಳೆಯದೆಂದೇನಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ತೆಗೆದಾಗ ಬಂದ ಎರೆಮಣ್ಣನ್ನೇ ಖರ್ಚು ಉಳಿಸಲು ಬೇಸ್‌ಮೆಂಟಿಗೆ ತುಂಬಿದರೆ, ವರ್ಷಕ್ಕೊಮ್ಮೆ ನೆಲ ಏಳುತ್ತದೆ, ಇಳಿಯುತ್ತದೆ. ಟೈಲ್ಸ್ ಸಂದು ಬಿಡುತ್ತದೆ, ಪಾಲಿಥಿನ್ ಶೀಟು ಇದ್ದರೂ ಹರಿಯುತ್ತದೆ. ತುಂಬಬೇಕಾದದ್ದು ಗ್ರಾವೆಲ್ ಮಣ್ಣು, ಅದೂ ಆರಾರು ಇಂಚು ಹಾಕಿ ನೀರು ಬಿಟ್ಟು ದಮ್ಮಸ್ಸು ಮಾಡಿ.

◆ ತಮಾಷೆಯೆಂದರೆ, ಉಬ್ಬುವ ಮಣ್ಣೇ ನೀರಿಗೆ ತಡೆಯೂ ಆಗುತ್ತದೆ. ಎರೆಮಣ್ಣಿನ ಹತ್ತಿರದ ಬಂಧು ಬೆಂಟೊನೈಟ್. ದೊಡ್ಡ ಕಟ್ಟಡಗಳ ನೆಲದಡಿಯ ಗೋಡೆಗೆ ಹೊರಗಿನಿಂದ ಈ ಮಣ್ಣು ತುಂಬಿದ ಹಾಳೆ ಹೊದಿಸುತ್ತಾರೆ. ನೀರು ಸೋಕಿದೊಡನೆ ಅದು ಹಲವು ಪಟ್ಟು ಹಿಗ್ಗಿ ಬಿರುಕು ಮುಚ್ಚುತ್ತದೆ. ಬಯಲುಸೀಮೆಯ ಮಾಳಿಗೆ ಮನೆಯವರು ಮಳೆಗಾಲದ ಮುಂಚೆ ಚಾವಣಿಗೆ ಕರಲು ಮಣ್ಣು ಎಳೆಯುತ್ತಿದ್ದುದರ ಗುಟ್ಟೂ ಇದರ ಪಕ್ಕದ್ದೇ.

◆ ಇಟ್ಟಿಗೆ ಪರೀಕ್ಷೆಗೆ ಲ್ಯಾಬೇ ಬೇಕೆಂದಿಲ್ಲ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಇಟ್ಟಿಗೆ 24 ಗಂಟೆ ನೀರಿನಲ್ಲಿದ್ದರೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಮೂರು ಕೆ.ಜಿ.ಯ ಒಣ ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿ, ಒರೆಸಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ. 3 ಕೆ.ಜಿ. 600 ಗ್ರಾಂ ದಾಟಿತೋ, ಆ ಲೋಡನ್ನು ವಾಪಸು ಕಳಿಸಿ. ಕಾಂಕ್ರೀಟಿನ ಸಾಲಿಡ್ ಬ್ಲಾಕಿಗೆ ಮಿತಿ ಇನ್ನೂ ಬಿಗಿ, ಶೇ. 10.

ಎರಡನೆಯ ಪರೀಕ್ಷೆ ಇನ್ನೂ ಸೊಗಸು. ಒಂದು ತಟ್ಟೆಯಲ್ಲಿ ಒಂದಿಂಚು ನೀರು ಹಾಕಿ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ಬೆಚ್ಚನೆಯ ಮೂಲೆಯಲ್ಲಿ ಬಿಡಿ. ಇಟ್ಟಿಗೆ ಆ ನೀರನ್ನೆಲ್ಲ ಕುಡಿದು ಒಣಗಲಿ. ಮತ್ತೆ ಅಷ್ಟೇ ನೀರು ಹಾಕಿ ಮತ್ತೆ ಒಣಗಲು ಬಿಡಿ. ಕೊನೆಗೆ ಇಟ್ಟಿಗೆಯ ಮೈ ಮೇಲೆ ಏನಿದೆ ನೋಡಿ. ಏನೂ ಇಲ್ಲದಿದ್ದರೆ ಮೊದಲ ದರ್ಜೆ. ಹತ್ತರಲ್ಲೊಂದು ಪಾಲು ತೆಳ್ಳಗೆ ಬೆಳ್ಳಗಾಗಿದ್ದರೆ ಅಲ್ಪ. ಅರ್ಧದವರೆಗೆ ಹರಡಿದ್ದರೆ ಮಧ್ಯಮ. ಅರ್ಧ ದಾಟಿದರೆ ಭಾರಿ. ಉಪ್ಪು ಪುಡಿಪುಡಿಯಾಗಿ ಉದುರುತ್ತಾ ಇಟ್ಟಿಗೆಯ ಮೈಯೂ ಸಿಪ್ಪೆ ಬಿಟ್ಟರೆ, ಅದು ಬೇಸ್‌ಮೆಂಟಿಗಷ್ಟೇ ಅಲ್ಲ, ಕಾಂಪೌಂಡಿಗೂ ಬೇಡ.

◆ ಗೋಡೆಯನ್ನು ತಿನ್ನುವುದು ಬರಿಯ ನೀರಲ್ಲ, ನೀರು ಹೊತ್ತು ತರುವ ಉಪ್ಪು. ಸೋಡಿಯಂ ಸಲ್ಫೇಟ್ ಎಂಬ ಒಂದು ಉಪ್ಪಿದೆ. ಅದರ ಒಣ ಹರಳಿನ ಒಂದೊಂದು ಅಣುವೂ ಹತ್ತು ನೀರಿನ ಅಣುಗಳನ್ನು ಸೆಳೆದುಕೊಂಡು ಹೊಸ ಹರಳಾಗುತ್ತದೆ, ಗಾತ್ರ ಮೂರು ಪಟ್ಟು ಮೀರುತ್ತದೆ. ರಂಧ್ರದೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಗಾರೆಯೇ ಬಿಟ್ಟುಕೊಡುತ್ತದೆ. ಆದ್ದರಿಂದ ಬಿಳಿ ಪುಡಿ ಕಂಡಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕರಗಿದ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಉದುರಿದ್ದನ್ನು ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಿ. ಗಾರೆ ಕೆತ್ತುವುದಾದರೆ ಕಲೆಯ ಗೆರೆಯಿಂದ ಒಂದಡಿ ಮೇಲಿನವರೆಗೂ ಕೆತ್ತಿಸಿ, ಏಕೆಂದರೆ ಕಾಣದ ಉಪ್ಪು ಅಲ್ಲಿಯವರೆಗೂ ಹೋಗಿರುತ್ತದೆ.

◆ ಉಪ್ಪು ನೀರು ಪಿಲ್ಲರಿನ ಬುಡ ಹೊಕ್ಕರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಂಬದ ಉದ್ದಕ್ಕೂ ಕಂಬಿಯ ನೇರಕ್ಕೇ ಬಿರುಕು ಬಿಟ್ಟಿದ್ದರೆ ಪುಟ್ಟಿ ಮೆತ್ತಬೇಡಿ, ಎಂಜಿನಿಯರಿಗೆ ತೋರಿಸಿ.

◆ ನೀರಿಗೆ ಡಾಂಬರಿನ ತಡೆ ಹಾಕುವುದು ಸುಮಾರು 4,500 ವರ್ಷ ಹಳೆಯ ಬುದ್ಧಿ. ಮೊಹೆಂಜೊದಾರೊದ ಮಹಾಸ್ನಾನದ ಕೊಳಕ್ಕೆ ನೆಲದಿಂದ ಸಿಗುವ ಡಾಂಬರನ್ನೇ ಬಳಿದಿದ್ದರು. ಸರ್ಕಾರಿ ಕಟ್ಟಡಗಳ ಹಳೇ ನಿಯಮದಲ್ಲೂ ಬೇಸ್‌ಮೆಂಟಿನ ನೆತ್ತಿಗೆ 40 ಮಿ.ಮೀ. ಕಾಂಕ್ರೀಟ್ ಪಟ್ಟಿ, ಅದು ಒಣಗಿದ ಮೇಲೆ ಬಿಸಿ ಡಾಂಬರಿನ ಒಂದು ಕೋಟ್ ಇರಬೇಕು. ಎಂಜಿನಿಯರುಗಳು ಡಿಪಿಸಿ ಎನ್ನುವುದು ಇದಕ್ಕೆ. ಈಗ ಎಲ್ಲ ಕಡೆ ಪ್ಲಿಂತ್ ಬೀಮ್ ಬಂದಿದೆ. ಬೀಮ್ ಇದ್ದ ಮೇಲೆ ಡಿಪಿಸಿ ಯಾಕೆ ಎನ್ನುವ ಮೇಸ್ತ್ರಿಗಳಿದ್ದಾರೆ. ಬೀಮ್ ಭಾರ ಹೊರುತ್ತದೆ, ಸರಿ; ಸೈಟಿನಲ್ಲಿ ಕಣ್ಣಳತೆಯ ನೀರು ಹಾಕಿ ಕಲಸಿದ ಕಾಂಕ್ರೀಟ್ ನೀರನ್ನೂ ತಡೆಯುತ್ತದೆಂಬ ನಂಬಿಕೆ ಬೇಡ. ಬೀಮಿನ ಮೇಲೆ ಒಂದು ಡಾಂಬರು ಕೋಟ್ ಬಳಿಸಿ.

◆ ಡಿಪಿಸಿ ಹಾಕಿದ್ದೂ ಶೀತ ಏರಿದೆಯೇ? ಹೊರಗೆ ಹೋಗಿ ಗೋಡೆಯ ಬುಡ ನೋಡಿ. ಡಿಪಿಸಿಯ ಗೆರೆ ದಾಟಿ ಮಣ್ಣು ಗುಡ್ಡೆ ಬಿದ್ದಿರುತ್ತದೆ, ಇಲ್ಲವೇ ಗಾರೆ ಕೆಳಗಿನ ಮಣ್ಣಿನಿಂದ ಮೇಲಿನ ಗೋಡೆಯವರೆಗೆ ಒಂದೇ ಎಳೆಯಾಗಿ ಮೆತ್ತಿರುತ್ತದೆ. ತಡೆಯ ಪಕ್ಕದಲ್ಲೇ ಸೇತುವೆ. ನೆಲದಿಂದ ಅರ್ಧ ಅಡಿಯಾದರೂ ಮೇಲೆ ಡಿಪಿಸಿ ಕಾಣುವಂತಿರಬೇಕು.

◆ ಗೋಡೆಯ ಬುಡವನ್ನು ನೆಲದಿಂದ ಎತ್ತರದಲ್ಲಿಡುವುದನ್ನು ಕಣ್ಣಾರೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ನರಸೀಪುರ ತಾಲ್ಲೂಕಿನದೇ ಆದ ಸೋಮನಾಥಪುರದ ಕೇಶವ ದೇವಾಲಯ 1258ರದು, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಎಲ್ಲರೂ ಗೋಡೆಯ ಆನೆಸಾಲು ನೋಡುತ್ತಾರೆ. ಮನೆ ಕಟ್ಟುವವರು ಒಮ್ಮೆ ಜಗತಿ ನೋಡಿ. ಗುಡಿಯ ಆಕಾರವನ್ನೇ ಹಿಂಬಾಲಿಸುತ್ತಾ ಸುಮಾರು ಮೂರಡಿ ಎತ್ತರಕ್ಕೆ ನಿಂತ ಕಟ್ಟೆ. ಅಂಗಳಕ್ಕೆ ಬಿದ್ದು ಸಿಡಿಯುವ ಮಳೆಹನಿ ಶಿಲ್ಪದ ಬುಡ ಮುಟ್ಟುವುದಿಲ್ಲ, ನೆಲದ ತೇವಕ್ಕೂ ಗುಡಿಯ ಗೋಡೆಗೂ ನಡುವೆ ಅಂತರ. ಪ್ರದಕ್ಷಿಣೆಗೆ ಮಾಡಿದ್ದು ಎನ್ನಿ, ಅಂದಕ್ಕೆ ಎನ್ನಿ, ಕಲ್ಲಿಗೆ ಆದ ಉಪಕಾರ ಉಪಕಾರವೇ.

◆ ಹಳೇ ತೊಟ್ಟಿಮನೆಗಳ ಜಗಲಿಯ ಕೆಲಸವೂ ಇದೇ ಬಗೆಯದು. ಕೂತು ಎಲೆ ಅಡಿಕೆ ಹಾಕಿಕೊಳ್ಳಲು ಮಾತ್ರವಲ್ಲ, ಮಣ್ಣಿನ ಗೋಡೆಯ ಬುಡಕ್ಕೆ ಮಳೆ ನೀರು ತಾಗದಿರಲಿ ಎಂದು. ಸೈಟು ಉಳಿಸಲು ಜಗಲಿ ಬಿಟ್ಟೆವು, ಮೇಲಿನ ಸೂರಿನ ಚಾಚನ್ನೂ ಮೊಟಕು ಮಾಡಿದೆವು, ಈಗ ಬುಡಕ್ಕೆ ವಾಟರ್‌ಪ್ರೂಫ್ ಪೇಂಟ್ ಹುಡುಕುತ್ತಿದ್ದೇವೆ.

◆ ಸಾವಿರ ಚದರಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ 2,360 ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಮಳೆ ಎಂದು ಹಿಡಿದರೆ 65,000 ಲೀಟರ್. ಇಷ್ಟೂ ನೀರು ಎರಡು ಪಿವಿಸಿ ಪೈಪಿನಲ್ಲಿ ಇಳಿದು ಎಲ್ಲಿಗೆ ಬೀಳುತ್ತದೆ? ಬಹಳ ಮನೆಗಳಲ್ಲಿ ಸರಿಯಾಗಿ ಪಾಯದ ಮೂಲೆಗೆ. ಪೈಪಿಗೆ ಒಂದು ಎಲ್ಬೋ, ಆರಡಿ ಉದ್ದದ ತುಂಡು ಸೇರಿಸಿದರೆ ಮುಗಿಯುವ ಕೆಲಸ. ಗೋಡೆಯ ಸುತ್ತಲಿನ ನೆಲ ಹತ್ತು ಅಡಿಗೆ ಆರು ಇಂಚಿನಂತೆ ಹೊರಕ್ಕೆ ವಾಟ ಇರಬೇಕೆಂದು ಅಮೆರಿಕದ ಮನೆ ಕಟ್ಟುವ ನಿಯಮ ಹೇಳುತ್ತದೆ. ನಮಗೂ ಅದೇ ಸಾಕು.

◆ ಬಚ್ಚಲು ನೀರು ಬಾಳೆಗೆ ಬಿಡುವುದು ಒಳ್ಳೆಯ ಪದ್ಧತಿ. ಬಾಳೆ ಗೋಡೆಯಿಂದ ಎರಡಡಿಯಲ್ಲಿದ್ದರೆ ಮಾತ್ರ ಕುಡಿಯುವುದು ಬಾಳೆಯೊಂದೇ ಅಲ್ಲ.

◆ ಹಳ್ಳಿಯ ಹೊಸ ಮನೆಗಳ ಶೀತಕ್ಕೆ ಯಾರೂ ಹೇಳದ ಒಂದು ಕಾರಣ ಸಿಸಿ ರಸ್ತೆ. ಹಳೆಯದನ್ನು ಕೀಳದೆ ಅದರ ಮೇಲೇ ಇನ್ನೊಂದು ಪದರ ಹಾಕುತ್ತಾ ಬಂದರೆ ಪ್ರತಿ ಸಲವೂ ಬೀದಿ ಅರ್ಧ ಅಡಿ ಎದ್ದಿತು. ಎರಡಡಿ ಬೇಸ್‌ಮೆಂಟ್ ಇಟ್ಟು ಕಟ್ಟಿದ ಮನೆ ಎರಡು ಕಾಮಗಾರಿ ಮುಗಿಯುವ ಹೊತ್ತಿಗೆ ಒಂದಡಿಗೆ ಬಂದಿರುತ್ತದೆ, ಮೂರನೆಯದಕ್ಕೆ ಚರಂಡಿ ನೀರು ಹೊಸಿಲು ನೋಡುತ್ತದೆ. ಮನೆ ಎತ್ತರಿಸಲು ಬರುವುದಿಲ್ಲ. ಹಾಗಾಗಿ ಬೇಸ್‌ಮೆಂಟಿನ ಅಳತೆಯನ್ನು ಇವತ್ತಿನ ರಸ್ತೆಯಿಂದಲ್ಲ, ಇನ್ನೆರಡು ಪದರ ಬಿದ್ದ ರಸ್ತೆಯಿಂದ ಹಿಡಿಯುವುದು ಜಾಣತನ. ಗ್ರಾಮಸಭೆಯಲ್ಲಿ ಎದ್ದು ನಿಂತು ಹಳೇ ರಸ್ತೆ ಕಿತ್ತು ಹಾಕಿ ಎಂದು ಕೇಳುವುದು ಇನ್ನೂ ಜಾಣತನ.

◆ ನೆಲದ ಮೇಲೆ ಬೆವರಿನಂತೆ ಹನಿ ಕಂಡರೆ ಅದು ಕೆಳಗಿನಿಂದಲೇ ಬಂದದ್ದು ಎನ್ನುವಂತಿಲ್ಲ. ಗಾಳಿ 30 ಡಿಗ್ರಿ ಬಿಸಿಯಿದ್ದು ಅದರಲ್ಲಿ ಶೇ. 80 ತೇವ ಇದ್ದರೆ, 26 ಡಿಗ್ರಿಗಿಂತ ತಂಪಾದ ಯಾವ ಮೇಲ್ಮೈ ಮುಟ್ಟಿದರೂ ನೀರಾಗುತ್ತದೆ. ತಂಪು ಗ್ರಾನೈಟ್ ನೆಲಕ್ಕೆ ಅಷ್ಟು ಸಾಕು. ತಿಳಿಯುವುದು ಹೇಗೆ? ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೋ ಗೋಡೆಗೋ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ನೀರು ನೆಲದಿಂದಲೋ ಗೋಡೆಯಿಂದಲೋ ಬರುತ್ತಿದೆ. ಹೊರಮೈಯಲ್ಲಿದ್ದರೆ ಗಾಳಿಯಿಂದ, ಕಿಟಕಿ ತೆರೆಯುವುದೋ ಮುಚ್ಚುವುದೋ ನಿಮ್ಮ ಕೈಯಲ್ಲಿದೆ. ಸಾವಿರಾರು ರೂಪಾಯಿಯ ಮೀಟರಿಗಿಂತ ಈ ಹಾಳೆಯ ಮಾತು ನಂಬಬಹುದು. ಸೂಜಿ ಚುಚ್ಚುವ ಮೀಟರುಗಳು ಗೋಡೆಯ ಉಪ್ಪನ್ನೂ ತೇವವೆಂದೇ ಓದಿಬಿಡುತ್ತವೆ.

◆ ಒದ್ದೆಯಾದ ಇನ್ಸುಲೇಷನ್ ಇದ್ದೂ ಇಲ್ಲದ ಹಾಗೆ. ಥರ್ಮೊಕೋಲ್, ಗ್ಲಾಸ್‌ವುಲ್ ಕೆಲಸ ಮಾಡುವುದು ತಮ್ಮೊಳಗೆ ಕದಲದೆ ನಿಂತ ಗಾಳಿಯಿಂದ. ನೀರು ಶಾಖವನ್ನು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ದಾಟಿಸುತ್ತದೆ. ಗಾಳಿಯ ಜಾಗಕ್ಕೆ ನೀರು ಹೊಕ್ಕಿತೆಂದರೆ ಕೊಟ್ಟ ದುಡ್ಡು ಹೋಯಿತು. ನಮ್ಮ ಸೆಕೆನಾಡಿನಲ್ಲಿ ಇದು ಬೇಕಾಗುವುದು ಹೆಚ್ಚಾಗಿ ತಾರಸಿಗೆ. ಹೊಸ ತಾರಸಿ ಒಣಗುವ ಮುನ್ನ ಶೀಟು ಹಾಸಿ ಮೇಲೆ ಟೈಲ್ಸ್ ಮುಚ್ಚಿದರೆ ಸ್ಲ್ಯಾಬಿನ ನೀರು ಕೆಳಗಡೆಗೇ ಬರಬೇಕು, ಬೆಡ್‌ರೂಮಿನ ಚಾವಣಿಯಲ್ಲಿ ಭೂಪಟ ಮೂಡುತ್ತದೆ.

◆ ಟೊರೊಂಟೊದಲ್ಲಿ ಮನೆ ಕೊಂಡ ನಮ್ಮ ಹುಡುಗರಿಗೆ ಇದೇ ಸಂಕಟ ಬೇರೆ ರೂಪದಲ್ಲಿ. ಅಲ್ಲಿ ಚಳಿಗಾಲಕ್ಕೆ ಮಣ್ಣು ಸುಮಾರು ನಾಲ್ಕು ಅಡಿಯವರೆಗೆ ಹೆಪ್ಪುಗಟ್ಟುತ್ತದೆ, ಪಾಯ ಅದಕ್ಕೂ ಕೆಳಗೆ ಹೋಗಲೇಬೇಕು. ಅಷ್ಟು ಅಗೆದ ಮೇಲೆ ಇನ್ನೆರಡಡಿ ಅಗೆದು ಕೋಣೆಯನ್ನೇ ಮಾಡಿಬಿಡುತ್ತಾರೆ. ಬಿಲ್ಡರು ಹಸಿ ಕಾಂಕ್ರೀಟ್ ಗೋಡೆಗೆ ಗ್ಲಾಸ್‌ವುಲ್ ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಮನೆ ಒಪ್ಪಿಸಿದರೆ, ಮೊದಲ ಬೇಸಿಗೆಯಲ್ಲೇ ಹಾಳೆಯ ಹಿಂದೆ ನೀರು ಜಿನುಗಿ ಬೂಷ್ಟು ವಾಸನೆ. ಅನುಭವಸ್ಥರು ಹೇಳುವುದು: ಮೊದಲ ವರ್ಷ ಗೋಡೆ ಬರಿದಾಗಿ ಬಿಡಿ, ಡೀಹ್ಯುಮಿಡಿಫೈಯರ್ ಓಡಿಸಿ, ಆಮೇಲೆ ನೀರು ಕುಡಿಯದ ಗಟ್ಟಿ ಫೋಮ್ ಹಲಗೆಯನ್ನು ನೇರ ಕಾಂಕ್ರೀಟಿಗೇ ಅಂಟಿಸಿ. ಮೂಗೂರಿನಲ್ಲಿ ಕೂತ ಅಮ್ಮ ವಿಡಿಯೋ ಕಾಲಿನಲ್ಲಿ ಇದನ್ನು ನೋಡಿ, ‘ನಮ್ ಗ್ವಾಡನೂ ಹಂಗೇ ಶೀತ ಹೊಡ್ದದ ಕನ ಮಗ’ ಎಂದರೆ ಆಶ್ಚರ್ಯವೇನಿಲ್ಲ.

◆ ಬೂಷ್ಟು ಹಿಡಿಯಲು ಒಂದೆರಡು ದಿನದ ಒದ್ದೆ ಸಾಕು. ಒದ್ದೆ ಮನೆಗೂ ಉಬ್ಬಸಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೆಂದೇ ಹೊರತಂದ ಮಾರ್ಗಸೂಚಿಯಲ್ಲಿ ಒಪ್ಪಿದೆ. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿ, ನಾಲ್ಕು ಬೆರಳು ಬಿಡಿ.

◆ ಜಾತ್ರೆ ಹಬ್ಬ ಬಂದರೆ ಮನೆಗೆಲ್ಲ ಸುಣ್ಣ ಬಳಿಯುತ್ತಿದ್ದ ಹಳೆಯ ರೂಢಿ ಬೂಷ್ಟಿಗೆ ಮದ್ದೂ ಹೌದು. ಹಸಿ ಸುಣ್ಣ ಅತಿ ಕ್ಷಾರ, ಬೂಷ್ಟು ಅದರಲ್ಲಿ ಬದುಕದು. ಅದಕ್ಕಿಂತ ಮುಖ್ಯವಾಗಿ ಸುಣ್ಣದ ಪದರ ಆವಿಯನ್ನು ಹೊರಗೆ ಬಿಡುತ್ತದೆ. ಒಳಗೋಡೆಗೆ ಬಳಿಯುವ ವಾಟರ್‌ಪ್ರೂಫ್ ಪೇಂಟ್ ಅದನ್ನು ತಡೆಯುತ್ತದೆ; ತಡೆದ ನೀರು ಇನ್ನೂ ಒಂದಡಿ ಮೇಲೇರಿ, ಪೇಂಟ್ ಮುಗಿದ ಕಡೆ ಹೊರಬರುತ್ತದೆ. ಮೂರಡಿ ಎತ್ತರಕ್ಕೆ ಟೈಲ್ಸ್ ಅಂಟಿಸಿದವರ ಮನೆಯಲ್ಲಿ ಶೀತ ನಾಲ್ಕನೇ ಅಡಿಯಲ್ಲಿ ಕಾಣುವುದು ಇದೇ ಕಾರಣಕ್ಕೆ.

◆ ಸುಣ್ಣ ಸಿಮೆಂಟಿಗಿಂತ ಮೆತು, ಹಾಗಾಗಿ ಬಾಳಿಕೆ ಕಡಿಮೆ ಎನ್ನುವವರಿಗೆ: ನಂಜನಗೂಡಿನಲ್ಲಿ ಕಪಿಲೆಗೆ, ಅಂದರೆ ಕಬಿನಿಗೆ, ದಳವಾಯಿ ದೇವರಾಜ ಕಟ್ಟಿಸಿದ ಹಳೆ ಸೇತುವೆ 1735ರದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ.

◆ ಪ್ರವಾಹ ಬಂದು ಹೋದ ಮನೆಯ ಲೆಕ್ಕವೇ ಬೇರೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ನೀರು ಇಳಿದ ವಾರಕ್ಕೇ ಗೋಡೆ ಒಣಗಿದ ಹಾಗೆ ಕಾಣುತ್ತದೆ. ಒಂಬತ್ತು ಇಂಚಿನ ಗೋಡೆ ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು. ಕೆಸರು ತೊಳೆದು, ಉಬ್ಬಿದ ಗಾರೆ ಕೆತ್ತಿ, ಎರಡೂ ಕಡೆಯ ಕಿಟಕಿ ತೆರೆದು ಫ್ಯಾನ್ ಹಾಕಿ ಬಿಡುವುದೇ ಚಿಕಿತ್ಸೆ. ಆ ವರ್ಷ ಪೇಂಟಿನ ಮಾತು ಬೇಡ.

◆ ಗೆದ್ದಲಿಗೂ ತೇವವೇ ದಾರಿ. ಬೇಸ್‌ಮೆಂಟ್ ಮಣ್ಣಿಗೆ ಔಷಧಿ ಹೊಡೆಸುವುದು ಕಾಂಕ್ರೀಟ್ ಹಾಕುವ ಮೊದಲು, ಚದರ ಮೀಟರಿಗೆ ಐದು ಲೀಟರ್ ದ್ರಾವಣದಂತೆ. ಬಾಗಿಲು ಚೌಕಟ್ಟು ತಿಂದ ಮೇಲೆ ಡ್ರಿಲ್ ಹಾಕಿಸಿ ಹೊಡೆಸುವುದು ಎರಡನೇ ದರ್ಜೆಯ ಉಪಾಯ.

◆ ಬಿಲ್ಡರಿಂದ ಕೊಂಡ ಫ್ಲ್ಯಾಟು, ಮನೆಯಾಗಿದ್ದು ಯೋಜನೆ ರೇರಾ ಅಡಿಯಲ್ಲಿದ್ದರೆ, ಸ್ವಾಧೀನದ ದಿನದಿಂದ ಐದು ವರ್ಷದೊಳಗೆ ಕಾಣುವ ಕಾಮಗಾರಿ ದೋಷವನ್ನು ದೂರು ಕೊಟ್ಟ 30 ದಿನದೊಳಗೆ ಪುಕ್ಕಟೆ ಸರಿಪಡಿಸಿಕೊಡಬೇಕೆಂದು 2016ರ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಸ್ವಂತ ಸೈಟಿನಲ್ಲಿ ಮೇಸ್ತ್ರಿ ಹಿಡಿದು ಕಟ್ಟಿಸಿದವರಿಗೆ ಈ ಕಾಯ್ದೆ ಇಲ್ಲ. ಅವರು ಕೊನೆಯ ಕಂತನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದುಕೊಳ್ಳುವ ಮಾತನ್ನು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

◆ ಶೀತಕ್ಕೆ ಖರ್ಚು ಮಾಡುವ ಮುನ್ನ ಹತ್ತು ರೂಪಾಯಿಯ ಪೆನ್ಸಿಲ್ ತನ್ನಿ. ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಬಂದಿದೆಯೋ ಅದರ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ಇದನ್ನೇ ಮಾಡಿ. ನಾಲೆಗೆ ನೀರು ಬಿಟ್ಟಾಗ ಗೆರೆ ಏರಿ, ನಾಲೆ ನಿಂತ ಮೇಲೆ ಇಳಿದರೆ ಅದು ಅಂತರ್ಜಲ. ಬೇಕಾದದ್ದು ಡಿಪಿಸಿ, ಇಲ್ಲವೇ ಮನೆಯ ಸುತ್ತ ಪಾಯದ ಆಳಕ್ಕೆ ಜಲ್ಲಿ ತುಂಬಿದ ಬಸಿಗಾಲುವೆ. ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಏರಿ ಬಿಸಿಲಿಗೆ ಇಳಿದರೆ ತಾರಸಿ ಪೈಪು, ಅಂಗಳದ ವಾಟ, ಬೀದಿಯ ಚರಂಡಿ ನೋಡಿ. ವರ್ಷವಿಡೀ ಮೆಲ್ಲಗೆ ಇಳಿಯುತ್ತಲೇ ಹೋದರೆ ಅದು ಕಟ್ಟುವಾಗಿನ ನೀರು, ಮನೆ ತಾನಾಗಿ ಒಣಗುತ್ತಿದೆ, ಸುಮ್ಮನಿರಿ. ನಾಲೆಗೂ ಜಗ್ಗದೆ, ಮಳೆಗೂ ಜಗ್ಗದೆ, ಬೇಸಿಗೆಯಲ್ಲೂ ಗೆರೆ ಅಲ್ಲೇ ನಿಂತಿದ್ದರೆ ಗೋಡೆಯ ಆಚೆ ಬಾತ್‌ರೂಮ್ ಇದೆಯೇ ನೋಡಿ, ಪ್ಲಂಬರಿಗೆ ಫೋನ್ ಮಾಡಿ.